ಐದು ವಾಲ್ವಿನ ರೇಡಿಯೋಗೆ ಗೂಡು ಕಟ್ಟಿದ್ದು

ಪಾರ್ಸಲ್ಲಿನ ಹೊರಗೆ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ರಾಯಚೂರು ಕಡೆಯ ಊರಿನಿಂದ ಬಂದ ಮೊದಲ ಫೋಟೋದಲ್ಲಿ ನಾನು ಹೊಲಿದ ಕೋರಾ ಬಟ್ಟೆ, ಮೂಲೆಯಲ್ಲಿ ಮಡಿಚಿದ ಪಟ್ಟಿ, ಕೆಂಪು ಮಾರ್ಕರಿನಲ್ಲಿ ಬರೆದ 'ಗಾಜು, ಜೋಪಾನ' ಎಲ್ಲ ನಾನು ಕಳಿಸಿದ ಹಾಗೇ ಇತ್ತು. ಎರಡನೆಯದರಲ್ಲಿ ಡಬ್ಬ ತೆರೆದಿತ್ತು. ಒಳಗೆ ರೇಡಿಯೋ ಒಂದು ಪಕ್ಕಕ್ಕೆ ಮುಳುಗಿ, ಮರದ ಮೂಲೆಯನ್ನು ರಟ್ಟಿಗೆ ಒತ್ತಿಕೊಂಡು ಕೂತಿತ್ತು. ಮೂರನೆಯದರಲ್ಲಿ ಒಂದು ಅಂಗೈ, ಅಂಗೈ ಮೇಲೆ ಗಾಜಿನ ಚೂರು.

ನಾನು ಶಿಡ್ಲಘಟ್ಟದಲ್ಲಿ ಮನೆ ನೋಡಿಕೊಂಡಿರುವವಳು. ನಮ್ಮ ಬೀದಿಯ ತುದಿಯಲ್ಲಿ ಹಳೆಯ ವಾಲ್ವ್ ರೇಡಿಯೋ ರಿಪೇರಿ ಮಾಡುವ ಚಾಚಾ ಇದ್ದಾರೆ. ಬೀದಿಗೆಲ್ಲ ಅವರು ಚಾಚಾನೇ. ಯಾರೋ ಅವರ ಕೆಲಸದ ವಿಡಿಯೋ ಮಾಡಿ ಹಾಕಿದ ಮೇಲೆ ಎಲ್ಲೆಲ್ಲಿಂದಲೋ ರೇಡಿಯೋಗಳು ಬರತೊಡಗಿದವು. ರಿಪೇರಿಗೆ ಅವರ ಕೈ ಈಗಲೂ ಗಟ್ಟಿ. ಆದರೆ ದಾರ ಬಿಗಿದು ಗಂಟು ಹಾಕುವಾಗ ಬೆರಳು ನಡುಗುತ್ತದೆ. ಅತ್ತೆಯ ರೇಡಿಯೋ ತರಲು ಹೋದ ದಿನ ಅವರು ಒಂದೇ ಗಂಟಿಗೆ ಮೂರು ಸಲ ಹೆಣಗಿದ್ದನ್ನು ನೋಡಿ, "ನಾನು ಕಟ್ಟಿಕೊಡಲಾ ಚಾಚಾ?" ಎಂದಿದ್ದೆ. ಕಾನ್ವೆಂಟಿನಲ್ಲಿ ಕ್ರಾಫ್ಟ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಬಟ್ಟೆಯಲ್ಲಿ ಪಾರ್ಸಲ್ ಹೊಲಿಯುವುದನ್ನು ಕಲಿಸಿದ್ದರು. ಹೊಲಿಗೆಗಳ ನಡುವೆ ಅಕ್ಕಿಕಾಳಿನಷ್ಟೇ ಅಂತರ ಇರಬೇಕು, ಇಲ್ಲವಾದರೆ ಎಲ್ಲ ಬಿಚ್ಚಿ ಮೊದಲಿಂದ. ಅಂದಿನಿಂದ ಚಾಚಾ ಅಂಗಡಿಯ ಪಾರ್ಸಲ್ಲುಗಳು ನನ್ನ ಕೆಲಸವಾದವು.

ಅಲ್ಲಿಯವರೆಗೆ ಹೋದವೆಲ್ಲ ಅಂಗೈಯಗಲದ ಟ್ರಾನ್ಸಿಸ್ಟರುಗಳು. ಇದೇ ಮೊದಲ ದೊಡ್ಡ ಸೆಟ್ಟು. ತೇಗದ ಬಣ್ಣದ ಮರದ ಪೆಟ್ಟಿಗೆ, ಮುಂದೆ ಊರುಗಳ ಹೆಸರು ಬರೆದ ಗಾಜು, ಒಳಗೆ ಬಲ್ಬಿನಂಥ ಐದು ಗಾಜಿನ ವಾಲ್ವು. ರಾಯಚೂರು ಕಡೆಯ ಒಂದು ಕ್ಷೌರದಂಗಡಿಯದು. ಅಂಗಡಿಯವರ ತಂದೆಯ ಕಾಲದಿಂದ ಕನ್ನಡಿಯ ಮೇಲಿನ ಹಲಗೆಯಲ್ಲಿ ಹಾಡಿದ್ದು.

ಹಾಗಾದರೆ ನಾನು ಮಾಡಿದ ತಪ್ಪೇನು? ಹೇಳಲು ನಾಚಿಕೆಯಾಗುತ್ತದೆ, ಏಕೆಂದರೆ ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಅತ್ತೆಯ ತಮ್ಮ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾರೆ. ಚಿಟ್ಟೆ ಹೊರಬಂದ ಮೇಲೆ ಉಳಿಯುವ ತೂತುಗೂಡನ್ನು ಅಲ್ಲಿಂದ ಒಂದು ಚೀಲ ತರಿಸಿದ್ದೆ. ಹೂವಿನಷ್ಟು ಹಗುರ, ಬೆರಳಲ್ಲಿ ಒತ್ತಿದರೆ ಕುಗ್ಗಿ ಮತ್ತೆ ಉಬ್ಬುತ್ತದೆ. ಹುಳುವನ್ನೇ ಕಾಪಾಡಿದ ಗೂಡು ರೇಡಿಯೋವನ್ನು ಕಾಪಾಡದೇ? ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಸುತ್ತಲೂ ಇಟ್ಟಿದ್ದೆ. ಬೀದಿಯವರೆಲ್ಲ ಬಂದು ನೋಡಿ ಹೊಗಳಿದ್ದರು. ರೇಷ್ಮೆಯೇ ಬದುಕಾದ ಶಿಡ್ಲಘಟ್ಟದಲ್ಲಿ ಗೂಡನ್ನು ಹೊಗಳದವರು ಯಾರು?

ಫೋಟೋಗಳನ್ನು ತೋರಿಸಲು ಅಂಗಡಿಗೆ ಹೋದಾಗ ಚಾಚಾ ಆಗಲೇ ಫೋನಿನಲ್ಲಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಇಲ್ಲ ಸಾಹೇಬ್ರೆ, ಪ್ಯಾಕಿಂಗ್‌ದಲ್ಲ. ವಾಲ್ವು ನಾನೇ ಸರಿಯಾಗಿ ಕೂರಿಸಿರ್ಲಿಲ್ಲ. ವಯಸ್ಸಾಯ್ತು ನೋಡಿ. ತಪ್ಪು ನನ್ದು. ನೀವು ಸೆಟ್ಟು ವಾಪಸ್ ಕಳಿಸಿ, ನಾನು ಮಾಡ್ಕೊಡ್ತೀನಿ."

ಫೋನಿಟ್ಟು ತಿರುಗಿದವರು ನನ್ನನ್ನು ನೋಡಿ, "ಬಂದ್ಯಾ ಬೇಟಾ, ಕೂತ್ಕೋ" ಎಂದು ಸ್ಟೂಲಿನ ಧೂಳು ಒರೆಸಿದರು. ನಾನು ಕೂರಲಿಲ್ಲ.

ಕ್ಷೌರದಂಗಡಿಯವರ ಭಾಮೈದ ಕೆಲಸಕ್ಕೆ ಸೇರಲು ಬೆಂಗಳೂರಿಗೆ ಬರುವವನಿದ್ದ. ಅವನೇ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಕೊಟ್ಟುಹೋದ. ಒಡೆದಿದ್ದು ದನಿಯನ್ನು ಸ್ಪೀಕರಿಗೆ ತಳ್ಳುವ ವಾಲ್ವು. ಚಾಚಾ ಡ್ರಾಯರುಗಳನ್ನೆಲ್ಲ ಹುಡುಕಿದರು, ಬೆಂಗಳೂರಿನ ಹಳೆಯ ಪರಿಚಯದವರಿಗೆ ಫೋನು ಮಾಡಿದರು. ಆ ನಂಬರಿನದು ಎಲ್ಲೂ ಇರಲಿಲ್ಲ. ಮಾರನೆಯ ದಿನ ನಾನು ಹೋದಾಗ ಅಂಗಡಿಯಲ್ಲಿ ಏನೋ ಕಡಿಮೆ ಎನ್ನಿಸಿತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳಗ್ಗೆ ಬಾಗಿಲು ತೆಗೆದಾಗಿಂದ ಮುಚ್ಚುವವರೆಗೆ ಹಾಡುತ್ತಿದ್ದ, ಅವರ ಮೇಜಿನ ಹಿಂದಿನ ಅವರ ಸ್ವಂತ ರೇಡಿಯೋ ಸುಮ್ಮನಿತ್ತು. ಅದರ ಹಿಂಬದಿಯ ರಟ್ಟು ಬಿಚ್ಚಿ ಗೋಡೆಗೆ ಒರಗಿಸಿದ್ದರು.

"ಅದರದ್ದು ತೆಗೆದ್ರಾ ಚಾಚಾ?"

"ಅದು ಸುಮ್ನೆ ನನ್ನ ಕಿವಿಗೆ ಹಾಡ್ತಿತ್ತು. ಅಲ್ಲಿ ಅಂಗಡಿಗೆ ಬರೋ ಜನ ಎಲ್ಲ ಕೇಳ್ತಾರೆ." ನನ್ನ ಮುಖ ನೋಡದೆ ಸೇರಿಸಿದರು. "ಇದೊಂದೇ ಉಳಿದಿರೋದು ಬೇಟಾ. ಇದೂ ಹೋದ್ರೆ ಆ ಸೆಟ್ಟೂ ಇಲ್ಲ, ನನ್ನ ಸೆಟ್ಟೂ ಇಲ್ಲ."

ಅಷ್ಟೇ ಹೇಳಿದ್ದು. ಈ ಸಲ ಬೇರೆಯವರ ಕೈಲಿ ಕಟ್ಟಿಸುತ್ತೇನೆ ಎನ್ನಲಿಲ್ಲ. ಎಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮನೆಗೆ ಬಂದು ಮೊದಲು ಕ್ಷೌರದಂಗಡಿಯವರಿಗೆ ಫೋನು ಮಾಡಿದೆ. ನಾನೇ ಪ್ಯಾಕಿಂಗ್ ಮಾಡಿದವಳು, ಚಾಚಾ ಅವರದೇನೂ ತಪ್ಪಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಕತ್ತರಿಯ ಸದ್ದು ನಿಂತಿತು.

"ಹೋಗ್ಲಿ ಬಿಡ್ರೀ ಅಕ್ಕಾರ. ನಮ್ಮ ಕೈನೂ ಒಮ್ಮೊಮ್ಮೆ ತಪ್ಪತದ. ಕೊಯ್ದಲ್ಲಿ ಪಟಿಕ ಹಚ್ಚಿ, ಗಿರಾಕಿಗೆ ಊರ ಸುದ್ದಿ ಹೇಳಿ ಮರೆಸ್ತೀವಿ. ನೀವು ಹೇಳೇ ಬಿಟ್ರಿ!" ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, "ಆದ್ರ ರೇಡಿಯೋ ಇಲ್ದ ಅಂಗಡಿ ಭಾಳ ಬಣಬಣ ಅನಸ್ತದ್ರೀ" ಎಂದರು.

ಅತ್ತೆ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ದಿಬ್ಬೂರಹಳ್ಳಿಯಲ್ಲಿ ಹುಳ ಸಾಕಿದ ಮನೆಯ ಮಗಳು.

"ಏಮೇ, ಹುಳ ಎಷ್ಟು ತೂಕ ಇರತ್ತೆ?"

"ಗ್ರಾಂ ಲೆಕ್ಕ ಅಲ್ವಾ ಅತ್ತೆ."

"ನಿನ್ನ ರೇಡಿಯೋ?"

ನಾನು ಕೈಯಲ್ಲಿದ್ದ ಫೋನು ಕೆಳಗಿಟ್ಟೆ.

"ಹುಳ ತನ್ನ ತೂಕಕ್ಕೆ ಮನೆ ಕಟ್ಕೊಳತ್ತೆ ಕಣೇ. ನೀನು ಅದರ ಮೇಲೆ ಆನೆ ಕೂರಿಸ್ದೆ. ಕಾನ್ವೆಂಟಲ್ಲಿ ಇದೊಂದು ಹೇಳ್ಕೊಡ್ಲಿಲ್ವಾ?"

ಕೋಪ ಬರಬೇಕಿತ್ತು. ಬದಲಿಗೆ ಎದ್ದು ಹೋಗಿ ಉಳಿದಿದ್ದ ತೂತುಗೂಡಿನ ಒಂದು ಚೀಲದ ಮೇಲೆ ಅಡುಗೆಮನೆಯ ಕಲ್ಲಿನ ಕುಟ್ಟಾಣಿ ಇಟ್ಟು, ಚೀಲವನ್ನು ಹತ್ತು ನಿಮಿಷ ಕುಲುಕಿದೆ. ಗೂಡುಗಳು ಗೋಲಿಯಂತೆ ಸರಿದು ಪಕ್ಕಕ್ಕೆ ಹೋದವು. ಅಡಿಯಲ್ಲಿ ಸಿಕ್ಕಿದವು ಚಪ್ಪಟೆಯಾಗಿ ಮತ್ತೆ ಉಬ್ಬಲಿಲ್ಲ. ಕುಟ್ಟಾಣಿ ನೆಲ ಮುಟ್ಟಿತ್ತು. ಕೊರಿಯರ್ ಲಾರಿಯಲ್ಲಿ ಆದದ್ದೂ ಇದೇ. ಯಾರೂ ಪಾರ್ಸಲ್ಲನ್ನು ಎತ್ತಿ ಹಾಕಿರಲಿಲ್ಲ. ಬರೀ ಕುಲುಕಾಟಕ್ಕೆ ರೇಡಿಯೋದ ಭಾರದ ಪಕ್ಕ, ಅಂದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪಕ್ಕ, ಇಷ್ಟಿಷ್ಟೇ ಮುಳುಗುತ್ತಾ ಹೋಗಿ ರಟ್ಟಿಗೆ ತಾಗಿತ್ತು. ಅಲ್ಲಿಂದ ಮುಂದೆ ರಸ್ತೆಯ ಒಂದೊಂದು ಗುಂಡಿಯೂ ನೇರವಾಗಿ ವಾಲ್ವಿಗೇ ಬಡಿದಿತ್ತು.

ಈ ಸಲ ಅವಸರ ಮಾಡಬಾರದು ಎಂದು ಚಾಚಾ ಹತ್ತಿರ ಒಂದು ಕೆಟ್ಟ ಸೆಟ್ಟು ಕೇಳಿದೆ. ಪ್ರಯೋಗಕ್ಕೆ. ಅವರು ಅಟ್ಟದಿಂದ ಅದೇ ಗಾತ್ರದ, ಗೆದ್ದಲು ಹಿಡಿದ ಪೆಟ್ಟಿಗೆ ಇಳಿಸಿ, ಒಳಗೆ ಕೆಲಸಕ್ಕೆ ಬಾರದ ಐದು ವಾಲ್ವು ಚುಚ್ಚಿ ಕೊಟ್ಟರು. "ಇವು ಸತ್ತವು. ಎಷ್ಟು ಬೇಕಾದ್ರೂ ಸಾಯಿಸು."

ಮೊದಲು ಪೆಟ್ಟಿಗೆಗೆ ಹಳೆಯ ಹತ್ತಿ ಸೀರೆ ಸುತ್ತಿದೆ. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಮರಕ್ಕೆ ಸುತ್ತಿದರೆ, ಬಿಸಿಲಿಗೆ ಗುಳ್ಳೆಯ ಗುರುತು ಪಾಲಿಶಿನ ಮೇಲೆ ಕೂರುತ್ತದೆ. ಸೀರೆಯ ಮೇಲೆ ಪ್ಲಾಸ್ಟಿಕ್. ಗಾಜಿನ ಮುಂದೆ ಅದೇ ಅಳತೆಗೆ ಕತ್ತರಿಸಿದ ರಟ್ಟು. ಗಾಜಿಗೆ ಅಂಟುಪಟ್ಟಿ ಹಚ್ಚುವ ಹಾಗಿಲ್ಲ, ಊರುಗಳ ಹೆಸರು ಪಟ್ಟಿಯ ಜೊತೆಗೇ ಎದ್ದುಬರುತ್ತವೆ. ಸ್ಟೇಷನ್ ತಿರುಗಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟೆ. ಆಗ ಒಳಗಿನ ತೆಳು ತಗಡುಗಳು ಒಂದರೊಳಗೊಂದು ಸೇರಿಕೊಂಡು ಬಾಗದೆ ಉಳಿಯುತ್ತವೆ ಎಂದು ಚಾಚಾ ತೋರಿಸಿಕೊಟ್ಟಿದ್ದರು. ನಂತರ ಹಾಸಿಗೆ ಅಂಗಡಿಯಿಂದ ತಂದ ಗಟ್ಟಿ ಫೋಮನ್ನು ಮೂರು ಬೆರಳು ದಪ್ಪಕ್ಕೆ ಕೊಯ್ದು ಆರೂ ಕಡೆ. ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ಎರಡು ಪದರ. ಅದೆಲ್ಲ ಒಂದು ಡಬ್ಬದೊಳಗೆ, ಆ ಡಬ್ಬ ಇನ್ನೊಂದು ದೊಡ್ಡ ಡಬ್ಬದೊಳಗೆ, ನಡುವೆ ಮತ್ತೆ ಫೋಮು. ಕಿವಿಗೊಟ್ಟು ಅಲ್ಲಾಡಿಸಿದರೆ ಏನೂ ಕೇಳಬಾರದು. ಕೇಳಲಿಲ್ಲ.

ಆಮೇಲೆ ಅದನ್ನು ಹೊತ್ತುಕೊಂಡು ಚಿಂತಾಮಣಿ ಬಸ್ಸು ಹತ್ತಿ, ಬೇಕೆಂದೇ ಕೊನೆಯ ಸೀಟಿನಲ್ಲಿಟ್ಟೆ. ಕಂಡಕ್ಟರ್ ಬಂದರು.

"ಏನಮ್ಮಾ ಇದು?"

"ಕೆಟ್ಟೋಗಿರೋ ರೇಡಿಯೋ."

"ಚಿಂತಾಮಣೀಲಿ ರಿಪೇರಿನಾ?"

"ಇಲ್ಲಪ್ಪ. ಸುಮ್ನೆ ಹೋಗಿ ಇದೇ ಬಸ್ಸಲ್ಲಿ ವಾಪಸ್ ಬರ್ತೀನಿ."

ಅವರು ನನ್ನನ್ನೂ ಡಬ್ಬವನ್ನೂ ಬದಲಿಸಿ ಬದಲಿಸಿ ನೋಡಿದರು. "ಮುಂದೆ ಸೀಟ್ ಖಾಲಿ ಐತೆ, ಹಿಂದ್ಗಡೆ ಎತ್ತಾಕತ್ತಮ್ಮ."

"ಎತ್ತಾಕ್ಲಿ ಅಂತಾನೇ."

"ಸರಿ ಬಿಡಿ. ರೇಡಿಯೋಗೂ ಊರು ನೋಡೋ ಆಸೆ ಇರತ್ತೆ" ಎಂದು ಲಗೇಜಿಗೂ ಟಿಕೆಟು ಹರಿದರು.

ವಾಪಸ್ ಬಂದು ಚಾಚಾ ಅಂಗಡಿಯಲ್ಲೇ ಬಿಚ್ಚಿದೆ. ಪೆಟ್ಟಿಗೆ ಇಟ್ಟ ಜಾಗದಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಚಾಚಾ "ಶಾಬಾಶ್" ಎಂದರು. ಆದರೆ ಹಿಂಬದಿಯ ರಟ್ಟು ತೆಗೆದು ನೋಡಿದರೆ, ಒಂದು ವಾಲ್ವು ತನ್ನ ಗೂಡಿನಿಂದ ಎದ್ದು, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಒಡೆದು ಬಿದ್ದಿತ್ತು.

ಹೊರಗೆ ಎಷ್ಟು ಮೆತ್ತೆ ಇಟ್ಟರೂ ಒಳಗಿನ ಕುಲುಕಾಟ ಒಳಗೇ ಇರುತ್ತದೆ ಎಂದು ಆಗ ತಿಳಿಯಿತು. ವಾಲ್ವುಗಳು ತಮ್ಮ ಕಾಲ ಮೇಲೆ ನಿಂತಿರುತ್ತವೆ, ಅಷ್ಟೇ. ಅವನ್ನು ಹಿಡಿದುಕೊಂಡವರು ಯಾರೂ ಇಲ್ಲ.

"ಚಾಚಾ, ವಾಲ್ವುಗಳನ್ನ ಬಿಚ್ಚಿ ಬೇರೆ ಕಳಿಸೋಣ."

"ಆಗಲ್ಲ."

ಅಷ್ಟು ಬೇಗ ಅವರು ನನಗೆ ಯಾವತ್ತೂ ಉತ್ತರ ಕೊಟ್ಟಿರಲಿಲ್ಲ.

"ಅಲ್ಲಿ ಯಾರು ಹಾಕ್ತಾರೆ? ಒಂದು ಕಾಲು ಬಗ್ಗಿದ್ರೆ ಮುಗೀತು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದ್ರೆ ಮುಗೀತು. ಐವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ಬಿಚ್ಚಿದ ಸೆಟ್ಟು ಹೊರಗೆ ಹೋಗಿಲ್ಲ. ಹಾಡ್ಕೊಂಡು ಹೋಗಬೇಕು, ಹಾಡ್ಕೊಂಡು ಇಳೀಬೇಕು."

"ಹಾಡ್ಕೊಂಡು ಹೋಗಿದ್ದು ಒಡ್ಕೊಂಡು ಇಳೀತಲ್ಲ ಚಾಚಾ."

ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಕನ್ನಡಕ ಸ್ವಚ್ಛವಾಗೇ ಇತ್ತು.

ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ಆ ಒಂದು ವಾಲ್ವನ್ನು ಲಾರಿಯ ಕೈಗೆ ಕೊಡುವುದೋ, ಗೊತ್ತಿಲ್ಲದ ಮನುಷ್ಯನ ಕೈಗೆ ಕೊಡುವುದೋ? ಎರಡರಲ್ಲೂ ಹೋಗುವುದು ಅವರದೇ. ನಾನು ಫೋನು ತೆಗೆದು ಕ್ಷೌರದಂಗಡಿಯವರಿಗೆ ಕರೆ ಮಾಡಿ, ದನಿ ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಇರುವ ವಿಷಯ ಇದ್ದ ಹಾಗೇ ಹೇಳಿದೆ. ಐದು ವಾಲ್ವು, ಸೂಜಿಯಂಥ ಕಾಲುಗಳು, ಇನ್ನೊಂದು ಸಿಗುವುದಿಲ್ಲ. ಅದು ಚಾಚಾ ಅವರ ಸ್ವಂತ ರೇಡಿಯೋದ್ದು ಎಂಬುದನ್ನೂ.

ಆ ಕಡೆಯವರು ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಚಾಚಾರ, ಅಲ್ಲಿ ಅದೀರೇನ್ರೀ?"

"ಇದೀನಿ, ಹೇಳಿ."

"ನೀವು ನನ್ನ ಕೈ ನೋಡಿಲ್ಲ, ಖರೆ ಅದ. ಆದ್ರ ಇಪ್ಪತ್ತೆಂಟು ವರ್ಷ ಆತು, ಮಂದಿ ಕಣ್ಣು ಮುಚ್ಚಿ ನನ್ನ ಮುಂದ ಕೊರಳು ಕೊಡ್ತಾರ. ಅದರಾಗ ಇಬ್ಬರು ಪೊಲೀಸರು ಅದಾರ, ನನ್ನ ಮಾವನೂ ಅದಾನ. ಒಂದು ಗಾಜಿನ ಬುಡ್ಡಿ ನಾ ಹಿಡೀಲಾರೆನೇನ್ರೀ?"

ಚಾಚಾ ಫೋನನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ಮಾವನ ಗಡ್ಡಾನೂ ನೀವೇ ಮಾಡ್ತೀರಾ?"

"ಪ್ರತಿ ಐತಾರ."

"ಇನ್ನೂ ಜೀವಂತ ಇದ್ದಾರಾ?"

"ಗಟ್ಟಿಮುಟ್ಟ ಅದಾನ್ರೀ!"

ಚಾಚಾ ನಕ್ಕರು. ಎಷ್ಟೋ ದಿನವಾಗಿತ್ತು ಅವರು ನಕ್ಕು. "ಸರಿ. ಬೇಟಾ, ಬಿಚ್ಚು" ಎಂದರು. ಕ್ಷೌರದಂಗಡಿಯ ಸೆಟ್ಟಿನಿಂದ ವಾಲ್ವು ಬಿಚ್ಚಿದ್ದು ಅವರೇ. ಅಲ್ಲಾಡಿಸದೆ, ತಿರುಚದೆ, ನೇರವಾಗಿ ಮೇಲಕ್ಕೆ. ಒಂದೊಂದು ತೆಗೆದಂತೆ ಅದು ಇದ್ದ ಜಾಗದ ಪಕ್ಕದಲ್ಲೇ ತಗಡಿನ ಮೇಲೆ ಮಾರ್ಕರಿನಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರೆದು ಫೋಟೋ ತೆಗೆದೆ.

ಈಗ ನನ್ನ ಮುಂದೆ ಐದು ವಾಲ್ವುಗಳಿದ್ದವು. ಒಂದನ್ನು ಅಂಗೈಲಿ ಇಟ್ಟು ತೂಗಿದೆ. ಕೋಳಿಮೊಟ್ಟೆಗಿಂತ ಹಗುರ. ಅತ್ತೆಯ ಮಾತು ನೆನಪಾಯಿತು. ಮನೆಗೆ ಓಡಿಹೋಗಿ ಅದೇ ತೂತುಗೂಡಿನ ಚೀಲ ತಂದೆ.

"ಮತ್ತೆ ಅದೇನಾ!" ಎಂದರು ಚಾಚಾ, ಗಾಬರಿಯಿಂದ.

"ಈ ಸಲ ಆನೆ ಅಲ್ಲ ಚಾಚಾ, ಹುಳ."

ಒಂದೊಂದು ವಾಲ್ವಿನ ಕಾಲುಗಳನ್ನು ಥರ್ಮೋಕೋಲಿನ ತುಂಡಿಗೆ ಮೆಲ್ಲಗೆ ಚುಚ್ಚಿ, ಮೈಗೆ ತೆಳುವಾದ ಮಲ್ಲು ಬಟ್ಟೆ ಸುತ್ತಿ, ಒಂದೊಂದು ಪುಟ್ಟ ರಟ್ಟಿನ ಡಬ್ಬಿಯಲ್ಲಿಟ್ಟು ಮೇಲೆ ಅಂಕಿ ಬರೆದೆ. ಐದು ಡಬ್ಬಿಗಳನ್ನು ಒಂದು ಬಿಸ್ಕತ್ತಿನ ತಗಡು ಡಬ್ಬದೊಳಗಿಟ್ಟು, ಸುತ್ತಲೂ ಗೂಡು. ಈ ಸಲ ಸಡಿಲವಾಗಿ ಸುರಿಯಲಿಲ್ಲ. ಬಟ್ಟೆಗೆ ಅಡ್ಡಹೊಲಿಗೆ ಹಾಕಿ ಮನೆ ಮನೆ ಮಾಡಿ, ಮನೆಗೆ ನಾಲ್ಕರಂತೆ ತುಂಬಿ, ಸರಿದಾಡದ ಹಾಗೆ ಹೊಲಿದೆ. ಅಕ್ಕಿಕಾಳಿನ ಅಂತರದಲ್ಲೇ. ಆ ಡಬ್ಬವನ್ನು ನಮ್ಮ ಅಡುಗೆಮನೆಯ ಕಟ್ಟೆಯಿಂದ ಎರಡು ಸಲ ಬೀಳಿಸಿದೆ, ಒಳಗೆ ಸತ್ತ ವಾಲ್ವುಗಳನ್ನಿಟ್ಟು. ಆಮೇಲೆ ಇನ್ನೊಮ್ಮೆ ಚಿಂತಾಮಣಿಗೆ ಹೋಗಿಬಂದೆ. ಅದೇ ಕಂಡಕ್ಟರ್. "ಇವತ್ತು ರೇಡಿಯೋ ಮರೀನಾ ಅಮ್ಮಾ?" ಎಂದರು. ಒಂದೂ ಒಡೆದಿರಲಿಲ್ಲ.

ಕಳಿಸುವ ದಿನ ನಮ್ಮೂರಿನ ಕೌಂಟರಿನಲ್ಲಿ ಕೊಡಲಿಲ್ಲ. ಇಲ್ಲಿಂದ ಕೊಟ್ಟರೆ ಚಿಕ್ಕಬಳ್ಳಾಪುರದಲ್ಲಿ ಇಳಿಸಿ ಮತ್ತೆ ಏರಿಸುತ್ತಾರೆ. ಅಷ್ಟು ಕೈ ಯಾಕೆ ಎಂದು ನಾನೇ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಒಯ್ದು ಕೊಟ್ಟೆ. ಎರಡು ಪಾರ್ಸಲ್, ಒಂದು ದೊಡ್ಡದು, ಒಂದು ಸಣ್ಣದು. ಕೌಂಟರಿನಲ್ಲಿದ್ದಾಕೆ ಸಣ್ಣದನ್ನು ಕೈಗೆತ್ತಿಕೊಂಡು, "ಏನಿದೆ ಆಂಟಿ? ಏನೂ ಇಲ್ದಂಗಿದೆ" ಎಂದಳು. ಸಂತೋಷವಾಯಿತು. ವಾಪಸ್ ಬರುವಾಗ ತೊಡೆ ಖಾಲಿ ಖಾಲಿ ಎನಿಸಿ, ಪರ್ಸನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.

ಐದನೆಯ ದಿನ ಬೆಳಗ್ಗೆ, ಪಾರ್ಸಲ್ ಮುಟ್ಟಿತೆಂದು ಕ್ಷೌರದಂಗಡಿಯಿಂದ ಫೋನು ಬಂತು. ನಾನು ಸೆರಗಿಗೆ ಕೈ ಒರೆಸಿಕೊಂಡು ಚಾಚಾ ಅಂಗಡಿಗೆ ಹೋದೆ. ಅತ್ತೆಯೂ ನನ್ನ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತರು. ಕರೆಂಟಿನ ಪ್ಲಗ್ಗು ಹಾಕಿಲ್ಲವೆಂದು ಚಾಚಾ ಮೂರು ಸಲ ಕೇಳಿ ಖಚಿತ ಮಾಡಿಕೊಂಡರು.

"ಒಂದನೇದು ತಗೊಳ್ಳಿ. ಕಾಲುಗಳನ್ನ ನೋಡಿ, ಒಂದು ಕಡೆ ಮಾತ್ರ ಸಂದು ಜಾಸ್ತಿ ಇದೆ. ಗೂಡಲ್ಲೂ ಹಂಗೇ ಇದೆ. ಅದಕ್ಕೆ ಅದು."

"ಕಂಡಿತ್ರೀ."

"ಒತ್ತಬೇಡಿ ಈಗಲೇ. ಕೂತ್ಕೊಂಡಿದೆ ಅಂತ ಕೈಗೆ ಗೊತ್ತಾಗ್ಬೇಕು. ಗೊತ್ತಾದ ಮೇಲೆ ಒತ್ತಿ."

ಒಂದು ಆಯಿತು. ಎರಡು ಆಯಿತು. ಮೂರಕ್ಕೆ ಆ ಕಡೆಯಿಂದ ಇನ್ಯಾರದೋ ಸಿಟ್ಟಿನ ದನಿ ಬಂತು: "ಏ ಮಾರಾಯ, ಅರ್ಧ ಗಡ್ಡ ಬಿಟ್ಟೀಯಲ್ಲೋ, ಹಿಂಗ ಹೆಂಗ ಮನಿಗೆ ಹೋಗ್ಲಿ?"

"ಸುಮ್ನ ಕುಂಡ್ರೋ, ಉಸಿರಾಡಬ್ಯಾಡ" ಎಂದರು ಕ್ಷೌರದಂಗಡಿಯವರು.

ನಾಲ್ಕು. ಐದನೆಯದು ಚಾಚಾ ಅವರದು. ಅವರು ನಡುಗುವ ಬೆರಳುಗಳನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಿದ್ದರು. ಆಮೇಲೆ, "ಕೈಗೆ ಗೊತ್ತಾತ್ರೀ ಚಾಚಾರ" ಎಂಬ ದನಿ.

ಹಿಂಬದಿಯ ರಟ್ಟು ಮುಚ್ಚಿಸಿ, ಪ್ಲಗ್ಗು ಹಾಕಿಸಿದರು. ವಾಲ್ವ್ ಸೆಟ್ಟು ಒತ್ತಿದ ಕೂಡಲೇ ಮಾತಾಡುವುದಿಲ್ಲ, ಮೊದಲು ಕಾಯಬೇಕು. ಅಷ್ಟು ಹೊತ್ತು ಶಿಡ್ಲಘಟ್ಟದಲ್ಲಿ ನಾವು ಮೂವರು, ಅಲ್ಲಿ ಅರ್ಧ ಗಡ್ಡದವರೂ ಸೇರಿ ಎಷ್ಟು ಜನವೋ, ಎಲ್ಲರೂ ಕಿವಿಗೊಟ್ಟೆವು. ಮೊದಲು ಜೇನಿನ ಗುಂಯ್ ಎಂಬಂಥ ಸದ್ದು. ಚಾಚಾ ಕಣ್ಣು ಮುಚ್ಚಿದರು. ಆಮೇಲೆ ಒಂದು ಸಣ್ಣ ಗರಗರ, ಗಂಟಲು ಸರಿಮಾಡಿಕೊಂಡಂತೆ.

"ನನ್ದೇ ಅದು" ಎಂದರು ಚಾಚಾ. "ಬೆಳಗ್ಗೆ ಹಂಗೇ ಕೆಮ್ಮತ್ತೆ."

ಅದರ ಹಿಂದೆಯೇ ಹೆಂಗಸೊಬ್ಬಳ ಹಾಡು ತುಂಬಿ ಬಂತು. ಅಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕಡೆ ತಿರುಗಿ, "ಪರವಾಗಿಲ್ಲ ಕಣೇ, ಗೂಡು ಕಟ್ಟೋದು ಬಂತು ನಿನಗೆ" ಎಂದರು.

ಕ್ಷೌರದಂಗಡಿಯವರು ಏನೇನೋ ಹೇಳಿ ಕೊನೆಗೆ, "ಇಡ್ಲ್ಯಾ ಹಂಗಾರ?" ಎಂದರು.

"ಬೇಡ" ಎಂದರು ಚಾಚಾ. "ನಿಮಗೆ ತೊಂದರೆ ಇಲ್ದಿದ್ರೆ ಸ್ವಲ್ಪ ಹೊತ್ತು ಫೋನು ಹಾಗೇ ರೇಡಿಯೋ ಹತ್ರ ಇಡಿ. ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ."

ಆಮೇಲೆ ಅವರು ನನ್ನ ಫೋನನ್ನು ಮೇಜಿನ ಮೇಲಿಂದ ಎತ್ತಿ, ಹಿಂದಿದ್ದ ತಮ್ಮ ಮೂಕ ರೇಡಿಯೋದ ಮುಂದೆ, ಬಟ್ಟೆ ಹೊದ್ದ ಸ್ಪೀಕರಿಗೆ ಒರಗಿಸಿ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ಬೆಸುಗೆ ಹಾಕುವ ಕಡ್ಡಿ ಬಿಸಿಗಿಟ್ಟು, ಬೇರೆ ಯಾರದೋ ಸೆಟ್ಟನ್ನು ಮುಂದೆ ಎಳೆದುಕೊಂಡರು. ಬೀದಿಯಲ್ಲಿ ಹೋಗುತ್ತಿದ್ದ ಹೂವಿನಾಕೆ ಒಳಗೆ ಇಣುಕಿ, "ಏನ್ ಚಾಚಾ, ನಿಮ್ಮ ರೇಡಿಯೋ ಸರಿಹೋಯ್ತಾ?" ಎಂದು ಕೇಳಿದಳು.

"ಹೂಂನಮ್ಮಾ" ಎಂದರು ಅವರು, ತಲೆ ಎತ್ತದೆ. "ಹಾಡ್ತಾ ಇದೆ."